ಲಾಗ್‌ಬುಕ್ಕಿನಲ್ಲಿ ಎಲ್ಲವೂ ಸರಿಯಾಗಿತ್ತು: ಒಬ್ಬ ವ್ಯಾಕ್ಯೂಮ್ ತಂತ್ರಜ್ಞೆಯ ತರಬೇತಿಯ ಪ್ರಕರಣ

ಹಿನ್ನೆಲೆ

ಬೆಂಗಳೂರಿನ ಒಂದು ಸಣ್ಣ ಘಟಕದಲ್ಲಿ ನಡೆದದ್ದಿದು. ಅಳತೆ ಉಪಕರಣಗಳಿಗೆ ಬೇಕಾಗುವ ಕನ್ನಡಿಗಳಿಗೆ ಅಲ್ಯೂಮಿನಿಯಂ ಲೇಪನ ಮಾಡುವುದು ಅಲ್ಲಿನ ಮುಖ್ಯ ಕೆಲಸ. ಮನೆಯ ಕನ್ನಡಿಯಲ್ಲಿ ಲೋಹ ಗಾಜಿನ ಹಿಂದೆ ಇರುತ್ತದೆ, ಇಲ್ಲಿ ಮುಂದಿರಬೇಕು. ದೂರದರ್ಶಕಗಳ ಕನ್ನಡಿಯೂ ಹೀಗೆಯೇ. ತಮಿಳುನಾಡಿನ ಕಾವಲೂರಿನ ವೈನು ಬಪ್ಪು ವೀಕ್ಷಣಾಲಯದ 2.34 ಮೀಟರ್ ಕನ್ನಡಿಯಲ್ಲಿ ಬೆಳಕನ್ನು ಪ್ರತಿಫಲಿಸುವುದೂ ಇಂಥದೇ ಅಲ್ಯೂಮಿನಿಯಂ ಪದರ. ದಪ್ಪ ಸುಮಾರು 100 ನ್ಯಾನೋಮೀಟರ್. ಉಕ್ಕಿನ ಚೇಂಬರಿನಿಂದ ಗಾಳಿಯನ್ನು ಹೊರಗೆಳೆದು (ಹೀಗೆ ಖಾಲಿಯಾದ ಸ್ಥಿತಿಯೇ ವ್ಯಾಕ್ಯೂಮ್), ಟಂಗ್‌ಸ್ಟನ್ ಫಿಲಮೆಂಟಿನ ಮೇಲೆ ಅಲ್ಯೂಮಿನಿಯಂ ತಂತಿಯ ತುಂಡುಗಳನ್ನಿಟ್ಟು ಕಾಯಿಸಿದರೆ ಲೋಹ ಆವಿಯಾಗಿ ಗಾಜಿನ ಮೇಲೆ ಕೂರುತ್ತದೆ. ಹೇಳುವುದಕ್ಕೆ ಎರಡು ವಾಕ್ಯ. ಇದನ್ನು ದಿನವೂ ಒಂದೇ ಗುಣಮಟ್ಟದಲ್ಲಿ ಮಾಡುವುದನ್ನು ಕಲಿಯಲು ವರ್ಷ ಹಿಡಿಯುತ್ತದೆ.

ಆ ಘಟಕದಲ್ಲಿ ಹೊಸಬರ ತರಬೇತಿಯ ಹೊಣೆ ನನ್ನದಾಗಿತ್ತು. ಒಂದು ವರ್ಷದ ಅಪ್ರೆಂಟಿಸ್ ಆಗಿ ಸೇರಿದ ಹುಡುಗಿಯೊಬ್ಬಳ ಪ್ರಕರಣ ಇದು. ಅವಳ ಹೆಸರು, ಊರು, ಕಾಲೇಜು ಇಲ್ಲಿ ಬರುವುದಿಲ್ಲ, ಘಟಕದ ಹೆಸರೂ ಬರುವುದಿಲ್ಲ. ಉತ್ತರ ಕರ್ನಾಟಕದ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಭೌತಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್ ಓದಿ ಬಿ.ಎಸ್ಸಿ. ಮುಗಿಸಿದ್ದಳು ಎಂಬಷ್ಟು ಸಾಕು. ಮನೆಯವರಿಗೆ ಅವಳು ಬಿ.ಎಡ್. ಮಾಡಲಿ ಎಂಬ ಆಸೆ. "ಡಿಗ್ರಿ ಓದಿಸಿ ಮೆಕ್ಯಾನಿಕ್ ಕೆಲಸಕ್ಕ ಕಳಸೂದೇನು?" ಎಂದು ತಂದೆ ಫೋನಿನಲ್ಲಿ ನನ್ನನ್ನೇ ಕೇಳಿದ್ದರು.

ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ನಮ್ಮಲ್ಲಿ ಭೌತಶಾಸ್ತ್ರದ ಬಿ.ಎಸ್ಸಿ. ಮುಗಿಸಿದವರ ಕಣ್ಣಿಗೆ ಬೀಳುವ ದಾರಿಗಳು ಕೆಲವೇ: ಎಂ.ಎಸ್ಸಿ., ಬಿ.ಎಡ್., ಎಫ್‌ಡಿಎ-ಎಸ್‌ಡಿಎ ಪರೀಕ್ಷೆ, ಇಲ್ಲವೇ ಓದಿಗೂ ಕೆಲಸಕ್ಕೂ ಸಂಬಂಧವಿಲ್ಲದ ಯಾವುದೋ ಕಚೇರಿ. ಭೌತಶಾಸ್ತ್ರವನ್ನು ಕೈಯಲ್ಲಿ ಹಿಡಿದು ಮಾಡುವ ಕೆಲಸವೂ ಒಂದಿದೆ ಎಂದು ಕಾಲೇಜಿನಲ್ಲಿ ಯಾರೂ ಹೇಳಿರುವುದಿಲ್ಲ. ಭಾಭಾ ಅಣು ಸಂಶೋಧನಾ ಕೇಂದ್ರ ಬಿ.ಎಸ್ಸಿ. ಪದವೀಧರರನ್ನು ಸ್ಟೈಪೆಂಡಿಯರಿ ಟ್ರೈನಿಗಳಾಗಿ ತೆಗೆದುಕೊಂಡು, ತರಬೇತಿ ಕೊಟ್ಟು, ಸೈಂಟಿಫಿಕ್ ಅಸಿಸ್ಟೆಂಟ್ ಹುದ್ದೆಗೆ ಹಾಕಿಕೊಳ್ಳುತ್ತದೆ. ಇಸ್ರೋದಲ್ಲೂ ಸೈಂಟಿಫಿಕ್ ಅಸಿಸ್ಟೆಂಟ್ ಹುದ್ದೆಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದ ಕ್ಲೀನ್‌ರೂಮ್ ದಿನವೂ ನಡೆಯುವುದು ಇಂಥ ತಂತ್ರಜ್ಞರ ಕೈಯಲ್ಲೇ. ವ್ಯಾಕ್ಯೂಮ್ ಯಂತ್ರಗಳನ್ನು ತಯಾರಿಸುವ ಉದ್ಯಮ ಬೆಂಗಳೂರಿನಲ್ಲಿ 1960ರ ದಶಕದಿಂದಲೂ ಇದೆ. ಈ ಎಲ್ಲವನ್ನೂ ಅವಳ ತಂದೆಗೆ ಹೇಳಿದೆ. ಒಂದು ವರ್ಷ ನೋಡೋಣ ಎಂದು ಒಪ್ಪಿದರು.

ಮೊದಲ ಮೂರು ತಿಂಗಳು

ಪಾಠದಲ್ಲಿ ಅವಳು ಎಲ್ಲರಿಗಿಂತ ಮುಂದಿದ್ದಳು. ಮೊದಲ ಹಂತದ ರೋಟರಿ ಪಂಪು ಗಾಳಿಯನ್ನು ಎಲ್ಲಿಯವರೆಗೆ ಎಳೆಯುತ್ತದೆ, ಅಲ್ಲಿಂದ ಮುಂದೆ ಎಣ್ಣೆಯ ಆವಿಯ ಬಲದಿಂದ ಕೆಲಸ ಮಾಡುವ ಡಿಫ್ಯೂಷನ್ ಪಂಪು ಯಾಕೆ ಬೇಕು, ಪಿರಾನಿ ಗೇಜ್ ಬಿಸಿ ತಂತಿ ತಣಿಯುವುದರಿಂದ ಒತ್ತಡವನ್ನು ಹೇಗೆ ಅಳೆಯುತ್ತದೆ, ಇನ್ನೂ ಕಡಿಮೆ ಒತ್ತಡ ಅಳೆಯುವ ಪೆನ್ನಿಂಗ್ ಗೇಜಿಗೆ ಸಾವಿರಾರು ವೋಲ್ಟ್ ಯಾಕೆ ಬೇಕು, ಎಲ್ಲವನ್ನೂ ಚಿತ್ರ ಬರೆದು ವಿವರಿಸುತ್ತಿದ್ದಳು. ಸಾಮಾನ್ಯ ಗಾಳಿಯಲ್ಲಿ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮುಂಚೆ ಸರಾಸರಿ 66 ನ್ಯಾನೋಮೀಟರ್ ದೂರ ಹೋಗುತ್ತದೆ, 10⁻⁵ ಮಿಲಿಬಾರ್‌ನಲ್ಲಿ, ಅಂದರೆ ಸಾಮಾನ್ಯ ಗಾಳಿಯ ಒತ್ತಡದ ಸುಮಾರು ಹತ್ತು ಕೋಟಿಯ ಒಂದು ಪಾಲಿನಲ್ಲಿ, ಅದೇ ಅಣು 6 ಮೀಟರಿಗಿಂತ ಹೆಚ್ಚು ಹೋಗುತ್ತದೆ ಎಂದು ಲೆಕ್ಕ ಮಾಡಿ ತೋರಿಸಿದ್ದಳು. ಲಿಖಿತ ಪರೀಕ್ಷೆಯಲ್ಲಿ ಆ ತಂಡಕ್ಕೇ ಹೆಚ್ಚಿನ ಅಂಕ ಅವಳದು. ಕೈಯೂ ಚುರುಕು. ಜೋಡಣೆಗಳಲ್ಲಿ ಗಾಳಿ ನುಗ್ಗದಂತೆ ತಡೆಯುವ ಓ-ರಿಂಗ್ ಎಂಬ ರಬ್ಬರ್ ಬಳೆಯನ್ನು ಒರೆಸಿ ಕೂರಿಸುವುದು, ಫಿಲಮೆಂಟ್ ಬದಲಿಸುವುದು, ಗಾಜು ತೊಳೆಯುವುದು ಬೇಗ ಬಂತು. ನಾಲ್ಕನೇ ತಿಂಗಳಿಗೆ ಒಂದು ಯಂತ್ರವನ್ನು ಅವಳಿಗೂ ಇನ್ನಿಬ್ಬರು ಆಪರೇಟರುಗಳಿಗೂ ಶಿಫ್ಟಿನ ಮೇಲೆ ಒಪ್ಪಿಸಿದೆವು.

ಸಮಸ್ಯೆ

ಮಳೆಗಾಲ ಶುರುವಾದ ಮೇಲೆ ಕನ್ನಡಿಗಳು ಕೆಡತೊಡಗಿದವು. ಹೊಳೆಯಬೇಕಾದ ಮೇಲ್ಮೈ ಮಸುಕಾಗಿ ಹಾಲಿನ ಪೊರೆ ಬಂದಂತೆ ಕಾಣುತ್ತಿತ್ತು. ಅಂಟುಪಟ್ಟಿ ಹಚ್ಚಿ ಎಳೆದು ನೋಡುವ ಪರೀಕ್ಷೆಯಲ್ಲಿ ಕೆಲವು ಕಡೆ ಪದರವೇ ಕಿತ್ತು ಬಂತು. ಗಿರಾಕಿ ಒಂದು ಇಡೀ ಬ್ಯಾಚನ್ನು ವಾಪಸ್ ಕಳಿಸಿದರು.

ಮಸುಕಿಗೆ ಸಾಮಾನ್ಯ ಕಾರಣ ಚೇಂಬರಿನಲ್ಲಿ ಉಳಿದ ಅನಿಲ, ಅದರಲ್ಲೂ ನೀರಾವಿ. ಅಲ್ಯೂಮಿನಿಯಂ ಗಾಜಿನ ಮೇಲೆ ಕೂರುವಾಗಲೇ ನೀರಿನ ಅಣುಗಳೂ ಬಂದು ಬಡಿಯುತ್ತಿದ್ದರೆ ಲೋಹದೊಳಗೆ ಆಕ್ಸೈಡ್ ಬೆರೆಯುತ್ತದೆ. ಆದರೆ ಲಾಗ್‌ಬುಕ್ ತೆರೆದರೆ ಪ್ರತಿ ಸಾಲಿನಲ್ಲೂ ಒಂದೇ ಅಂಕಿ: ಲೇಪನಕ್ಕೆ ಮುನ್ನ ಒತ್ತಡ 1×10⁻⁵ ಮಿಲಿಬಾರ್. ಕೆಲಸದ ಸೂಚನಾಪತ್ರ ಕೇಳುವುದೂ ಅಷ್ಟನ್ನೇ. ಹೀಗಾಗಿ ಅನುಮಾನ ಬೇರೆ ಕಡೆ ತಿರುಗಿತು. ಅಲ್ಯೂಮಿನಿಯಂ ತಂತಿ ಬದಲಿಸಿದರು. ಫಿಲಮೆಂಟ್ ಬದಲಿಸಿದರು. ಗಾಜು ತೊಳೆಯುವ ಸಾಬೂನನ್ನೂ ಬದಲಿಸಿದರು. ಏನೂ ಉಪಯೋಗವಾಗಲಿಲ್ಲ.

ಅಲ್ಲಿ ಒಬ್ಬ ಹಿರಿಯ ತಂತ್ರಜ್ಞರಿದ್ದರು, ಐಟಿಐ ಓದಿದವರು, ಈ ಕೆಲಸದಲ್ಲೇ ತಲೆ ನೆರೆತವರು. ಅವರು ಲಾಗ್‌ಬುಕ್ಕಿನ ಪುಟಗಳನ್ನು ತಿರುವುತ್ತಾ ಹೋಗಿ, "ಈ ಮೆಷಿನ್ನು ಯಾವತ್ತೂ ಇಷ್ಟು ಶಿಸ್ತಾಗಿ ಇದ್ದಿದ್ದಿಲ್ಲ" ಎಂದರು. 10⁻⁵ರ ಮುಂದಿನ ಅಂಕಿ ಒಂದು ದಿನ 1.3, ಇನ್ನೊಂದು ದಿನ 0.9 ಇರಬೇಕಿತ್ತು. ಎಲ್ಲಾ ದಿನವೂ ನಿಖರವಾಗಿ 1 ಬರುವ ಯಂತ್ರವನ್ನು ಅವರು ನೋಡಿರಲಿಲ್ಲ. ಪಂಪು ಶುರುವಾದ ಹೊತ್ತು, ಒತ್ತಡ ಇಳಿದ ಹೊತ್ತು ಬರೆಯುವ ಕಾಲಂ ಖಾಲಿಯಿತ್ತು.

ಆ ಹುಡುಗಿಯನ್ನು ಕರೆದು ಅವರು ಮೆಲ್ಲಗೆ ಕೇಳಿದರು: "ಏನಮ್ಮಾ, ನಿನ್ನೆ ಕೋಟಿಂಗ್ ಶುರು ಮಾಡಿದಾಗ ಗೇಜು ಎಷ್ಟು ತೋರಿಸ್ತಿತ್ತು?"

"ನಾಕ್ ಇತ್ರಿ ಸರ್. ಇನ್ನೊಂಚೂರು ಬಿಟ್ರ ಒಂದಕ್ಕ ಬರ್ತೈತಿ ಅಂತ ಗೊತ್ತಿತ್ತು. ಅದಕ್ಕ ಒಂದು ಅಂತ ಬರದ್ನಿ."

ಹೇಳುವಾಗ ಅವಳಿಗೆ ಅಳುಕಿರಲಿಲ್ಲ. ಅದು ಸುಳ್ಳು ಎಂಬ ಭಾವನೆಯೇ ಅವಳಲ್ಲಿ ಇರಲಿಲ್ಲ. ಈ ಪ್ರಕರಣದ ತಿರುಳು ನನಗೆ ಕಾಣುವುದು ಇಲ್ಲಿ.

ನಮ್ಮ ಕಾಲೇಜುಗಳ ಪ್ರಾಕ್ಟಿಕಲ್ ತರಗತಿಯನ್ನು ಬಲ್ಲವರಿಗೆ ಇದು ಅರ್ಥವಾದೀತು. ಸರಳ ಲೋಲಕ ತೂಗಿಸಿ ಗುರುತ್ವದ ಬೆಲೆ ಕಂಡುಹಿಡಿಯುವ ಪ್ರಯೋಗದಲ್ಲಿ ಉತ್ತರ 9.8 ಬರಬೇಕು. 9.1 ಬಂದರೆ ಹುಡುಗರು ರೀಡಿಂಗ್ ತಿದ್ದುತ್ತಾರೆ. ರಫ್ ಪುಸ್ತಕದಲ್ಲಿ ಏನಿತ್ತೆಂದು ಯಾರೂ ಕೇಳುವುದಿಲ್ಲ, ಫೇರ್ ರೆಕಾರ್ಡಿಗೆ ಮಾರ್ಕ್ಸ್ ಸಿಗುತ್ತದೆ. ಸೀನಿಯರ್ ರೆಕಾರ್ಡ್ ನೋಡಿ ಬರೆಯುವುದು ಗುಟ್ಟಿನ ಮಾತೂ ಅಲ್ಲ. ಮೂರು ವರ್ಷ ಅವಳಿಗೆ ಸಿಕ್ಕ ತರಬೇತಿ ಇದು: ಬರಬೇಕಾದ ಅಂಕಿಯನ್ನು ಅಂದವಾದ ಅಕ್ಷರದಲ್ಲಿ ಬರೆ. ಸೂಚನಾಪತ್ರದಲ್ಲಿ 1×10⁻⁵ ಎಂದಿದ್ದನ್ನು ಅವಳು ಓದಿಕೊಂಡದ್ದೂ ಹಾಗೆಯೇ, ಬರಬೇಕಾದ ಉತ್ತರವೆಂದು. 9.1 ಯಾಕೆ ಬಂತು ಎಂದು ಹುಡುಕುವುದರಲ್ಲೇ ಪ್ರಯೋಗದ ಪಾಠವಿದೆ. ನಮ್ಮ ವ್ಯವಸ್ಥೆ ಆ ಪಾಠವನ್ನು ಮಕ್ಕಳ ಕೈಯಿಂದ ಕಸಿದುಕೊಂಡಿದೆ. ನನಗಿದು ಬಹಳ ನೋವಿನ ಸಂಗತಿ.

ಏನೇನು ಮಾಡಿ ನೋಡಿದೆವು

ಆಡಳಿತದವರು ಅಪ್ರೆಂಟಿಸ್‌ಶಿಪ್ಪನ್ನು ಅಲ್ಲಿಗೇ ಮುಗಿಸಿ ಕಳಿಸಿಬಿಡೋಣ ಎಂದರು. ದಾಖಲೆ ತಿದ್ದುವುದು ಸಣ್ಣ ವಿಷಯವಲ್ಲ, ಆ ವಾದಕ್ಕೆ ತೂಕವಿತ್ತು. ಆದರೆ ಇನ್ನಿಬ್ಬರು ಆಪರೇಟರುಗಳ ಸಾಲುಗಳಲ್ಲೂ ಅದೇ 1 ಇತ್ತು. ಅವರಲ್ಲೊಬ್ಬ ನಾಲ್ಕು ವರ್ಷದ ಅನುಭವಸ್ಥ. ಕೇಳಿದ ಕೂಡಲೇ ನಿಜ ಹೇಳಿದವಳು ಇವಳೊಬ್ಬಳೇ. ಹಿರಿಯರೂ ನಾನೂ ಕೂತು ಮಾತಾಡಿ, ಅವಳನ್ನು ಉಳಿಸಿಕೊಳ್ಳಬೇಕೆಂದು ಆಡಳಿತದವರನ್ನು ಒಪ್ಪಿಸಿದೆವು.

ಮೊದಲು ಆಡಳಿತದವರ ಸಲಹೆಯಂತೆ ಪ್ರತಿ ಸಾಲಿಗೂ ಮೇಲ್ವಿಚಾರಕರ ಸಹಿ ಎಂದಾಯಿತು. ಇದು ಎರಡು ವಾರವೂ ನಿಲ್ಲಲಿಲ್ಲ. ಸಹಿಗಾಗಿ ಕಾಯುವುದರಲ್ಲಿ ಕೆಲಸ ನಿಂತಿತು. ಅದಕ್ಕಿಂತ ಹೆಚ್ಚಾಗಿ, ಈಗ ಅವಳು ಗೇಜನ್ನು ಬಿಟ್ಟು ಮೇಲ್ವಿಚಾರಕರ ಮುಖ ನೋಡಿ ಅಂಕಿ ಬರೆಯತೊಡಗಿದಳು. "ಎರಡು ಬರೀಲಾ ಸರ್?" ಎಂದು ಕೇಳುತ್ತಿದ್ದಳು. ರೋಗ ಇದ್ದಲ್ಲೇ ಇತ್ತು.

ಎರಡನೆಯ ಉಪಾಯ ಹಿರಿಯರದು. ಅವರು ಯಂತ್ರದ ಪಕ್ಕದ ಗೋಡೆಗೆ ಗ್ರಾಫ್ ಹಾಳೆ ಅಂಟಿಸಿದರು. ಒಂದು ಅಕ್ಷದಲ್ಲಿ ನಿಮಿಷ, ಇನ್ನೊಂದರಲ್ಲಿ ಒತ್ತಡ. ಪಂಪು ಶುರುವಾದಾಗಿನಿಂದ ಎರಡೆರಡು ನಿಮಿಷಕ್ಕೆ ಒಂದು ಚುಕ್ಕಿ ಇಡಬೇಕು, ಅಷ್ಟೇ. ಹಾಳೆಯ ಮೇಲೆ ಗುರಿಯ ಗೆರೆ ಎಳೆಯಬಾರದು ಎಂದು ಅವರು ಕಟ್ಟುನಿಟ್ಟಾಗಿ ಹೇಳಿದರು. ಲೇಪನ ಶುರು ಮಾಡಬಹುದೇ ಇಲ್ಲವೇ ಎಂಬ ತೀರ್ಮಾನವನ್ನು ಕೆಲವು ದಿನ ತಮ್ಮ ಬಳಿಯೇ ಇಟ್ಟುಕೊಂಡರು. ಅವಳು ಯಾವ ಉತ್ತರವನ್ನೂ ಕೊಡಬೇಕಿರಲಿಲ್ಲ. ಯಂತ್ರ ಹೇಗೆ ನಡೆದುಕೊಳ್ಳುತ್ತಿದೆ ಎಂದು ಚಿತ್ರ ಬರೆದರೆ ಸಾಕಿತ್ತು.

ಇದರ ಫಲ ನಾನು ಎಣಿಸಿದ್ದಕ್ಕಿಂತ ಬೇಗ ಕಾಣಿಸಿತು. ಒಂಟಿ ಅಂಕಿಯನ್ನು ಕಲ್ಪಿಸಿ ಬರೆಯುವುದು ಸುಲಭ. ಇಡೀ ವಕ್ರರೇಖೆಯನ್ನು ಕಲ್ಪಿಸುವುದು ಕಷ್ಟ, ಮತ್ತು ಕಲ್ಪಿಸಲು ಕಾರಣವೂ ಉಳಿದಿರಲಿಲ್ಲ. ಹಾಳೆಗಳು ಒಂದರ ಪಕ್ಕ ಒಂದು ಸೇರುತ್ತಿದ್ದಂತೆ ಅವಳೇ ಹೋಲಿಸಿ ನೋಡತೊಡಗಿದಳು. ಬೆಳಗಿನ ಮೊದಲ ರನ್ (ಒಂದು ಸುತ್ತಿನ ಲೇಪನ) ಒತ್ತಡ ಇಳಿಯುವುದರಲ್ಲಿ ತುಂಬಾ ನಿಧಾನ, ಮಧ್ಯಾಹ್ನದ್ದು ವೇಗ. ಊಟಕ್ಕೆ ಹೋಗುವಾಗ ಚೇಂಬರ್ ತೆರೆದಿಟ್ಟಿದ್ದರೆ ಅದರ ನಂತರದ ರನ್ ಮತ್ತೆ ನಿಧಾನ. ಜೋರು ಮಳೆಯ ದಿನ ಎಲ್ಲವೂ ನಿಧಾನ. ಇದನ್ನು ಅವಳು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದಳು. ಬರೆಯಲು ಯಾರೂ ಹೇಳಿರಲಿಲ್ಲ.

ತಿರುವು

ಯಂತ್ರದಲ್ಲಿ ಎಲ್ಲೋ ಲೀಕ್ ಇದೆ ಎಂಬುದು ಮೇಲಿನವರ ನಂಬಿಕೆ. ಹೊರಗಿನಿಂದ ಊದಿದ ಹೀಲಿಯಂ ಒಳಗೆ ನುಸುಳಿದರೆ ತಿಳಿಸುವ ಹೀಲಿಯಂ ಲೀಕ್ ಡಿಟೆಕ್ಟರ್ ಬಾಡಿಗೆಗೆ ತರಿಸಲು ಆದೇಶವಾಯಿತು. ಅದು ಬರುವುದಕ್ಕೆ ಕೆಲವು ದಿನ ಬೇಕಿತ್ತು. ಅಷ್ಟರೊಳಗೆ ಅವಳು ಹಿರಿಯರ ಬಳಿ ಹೋಗಿ, "ಸರ್, ಇದು ಲೀಕ್ ಅಲ್ಲ ಅನಸ್ತೈತ್ರಿ, ನೀರು" ಎಂದಳು. "ಹೇಗೆ ತೋರಿಸ್ತೀಯ?" ಎಂದು ಕೇಳಿದ ಅವರು ಎರಡು ದಿನ ಯಂತ್ರವನ್ನು ಅವಳಿಗೇ ಬಿಟ್ಟುಕೊಟ್ಟರು. ಕನ್ನಡಿ ಮಾಡುವ ಯಂತ್ರವನ್ನು ಕಲಿಯುವವಳಿಗೆ ಎರಡು ದಿನ ಬಿಡುವುದೆಂದರೆ ಆ ಘಟಕಕ್ಕೆ ನಷ್ಟವೇ. ತರಬೇತಿಯ ಇಡೀ ವರ್ಷದಲ್ಲಿ ಇದಕ್ಕಿಂತ ದೊಡ್ಡ ನಿರ್ಧಾರ ಇನ್ನೊಂದಿಲ್ಲ ಎಂದು ನಾನು ಎಣಿಸುತ್ತೇನೆ.

ಮೊದಲು ಹಿರಿಯರ ಸಹಾಯದಿಂದ ಪೆನ್ನಿಂಗ್ ಗೇಜ್ ಬಿಚ್ಚಿ ಸ್ವಚ್ಛ ಮಾಡಿದಳು. ಎಣ್ಣೆಯ ಆವಿಯಿಂದ ಒಳಭಾಗ ಕೊಳೆಯಾದ ಪೆನ್ನಿಂಗ್ ಗೇಜ್ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ಒತ್ತಡ ತೋರಿಸುತ್ತದೆ. ಸ್ವಚ್ಛವಾದ ಮೇಲೆ 4 ತೋರಿಸುತ್ತಿದ್ದ ಜಾಗದಲ್ಲಿ 7 ಬಂತು. ಅಂದರೆ ಅವಳು ಬರೆಯದೆ ಬಿಟ್ಟ 4 ಕೂಡ ಪೂರ್ತಿ ನಿಜವಾಗಿರಲಿಲ್ಲ.

ಆಮೇಲೆ ಚೇಂಬರಿಗೂ ಡಿಫ್ಯೂಷನ್ ಪಂಪಿಗೂ ನಡುವಿನ ಕವಾಟ ಮುಚ್ಚಿ, ಒತ್ತಡ ಏರುವುದನ್ನು ಹೊತ್ತಿಗೆ ತಕ್ಕಂತೆ ಗುರುತು ಮಾಡಿದಳು. ಹೊರಗಿನ ಗಾಳಿ ತೂತಿನಿಂದ ನುಗ್ಗುತ್ತಿದ್ದರೆ ಒತ್ತಡ ಒಂದೇ ವೇಗದಲ್ಲಿ ಏರುತ್ತಾ ಹೋಗಿ ಗ್ರಾಫ್ ನೇರಗೆರೆಯಾಗುತ್ತದೆ. ಒಳಗೋಡೆಗೆ ಅಂಟಿದ ನೀರು ಬಿಡುಗಡೆಯಾಗುತ್ತಿದ್ದರೆ ಮೊದಲು ಬೇಗ ಏರಿ ಬರಬರುತ್ತಾ ಬಾಗುತ್ತದೆ. ಅವಳ ಗ್ರಾಫ್ ಚೆನ್ನಾಗಿ ಬಾಗಿತ್ತು.

ಮೂರನೆಯದು ಅವಳೇ ಯೋಚಿಸಿದ ಪರೀಕ್ಷೆ. ಪಂಪಿನ ಬಾಯಿಯಲ್ಲಿ ದ್ರವ ಸಾರಜನಕದ ಟ್ರ್ಯಾಪ್, ಅಂದರೆ ಆವಿಯನ್ನು ತಣ್ಣಗಿನ ಲೋಹದ ಮೇಲೆ ಹಿಡಿದಿಡುವ ಪಾತ್ರೆ, ಇತ್ತು. ಖರ್ಚು ಉಳಿಸಲೆಂದು ಅದನ್ನು ತುಂಬಿಸುವುದು ಬಿಟ್ಟುಹೋಗಿತ್ತು. ದ್ರವ ಸಾರಜನಕದ ತಾಪಮಾನ ಮೈನಸ್ 196 ಡಿಗ್ರಿ. ಅಷ್ಟು ತಣ್ಣಗಿನ ಲೋಹಕ್ಕೆ ತಗುಲಿದ ನೀರಾವಿ ಅಲ್ಲೇ ಹೆಪ್ಪುಗಟ್ಟಿ ಉಳಿಯುತ್ತದೆ. ಗಾಳಿಯ ಸಾರಜನಕ, ಆಮ್ಲಜನಕ ಆ ಒತ್ತಡದಲ್ಲಿ ಹಾಗೆ ಹಿಡಿದುಕೊಳ್ಳುವುದಿಲ್ಲ. ಹಾಗಾಗಿ ಟ್ರ್ಯಾಪ್ ತುಂಬಿಸಿದ ಕೂಡಲೇ ಒತ್ತಡ ಬಿದ್ದರೆ ಅಪರಾಧಿ ನೀರು, ಬೀಳದಿದ್ದರೆ ಲೀಕ್. ಕೋಣೆಯ ಬಾಗಿಲು ಕಿಟಕಿ ತೆರೆಸಿಯೇ ಹಿರಿಯರು ಸುರಿಯಲು ಬಿಟ್ಟರು. ಒಂದು ಲೀಟರ್ ದ್ರವ ಸಾರಜನಕ ಸುಮಾರು 700 ಲೀಟರ್ ಅನಿಲವಾಗಿ ಉಬ್ಬುತ್ತದೆ, ಮುಚ್ಚಿದ ಕೋಣೆಯಲ್ಲಿ ಉಸಿರಾಡಲು ಆಮ್ಲಜನಕ ಸಾಲದೆ ಪ್ರಾಣಕ್ಕೇ ಅಪಾಯ. ಕೆಲವೇ ನಿಮಿಷಗಳಲ್ಲಿ ಒತ್ತಡ 7×10⁻⁵ರಿಂದ 2×10⁻⁵ಕ್ಕಿಂತ ಕೆಳಗಿಳಿಯಿತು.

ಇಲ್ಲಿಗೆ ಅವಳು ಗೆದ್ದಳು ಎಂದು ಮುಗಿಸಿದರೆ ಪ್ರಕರಣ ಅರ್ಧವೇ ಹೇಳಿದಂತಾಗುತ್ತದೆ. ಬಾಡಿಗೆಯ ಡಿಟೆಕ್ಟರ್ ಬಂತು. ಹೀಲಿಯಂ ಹಗುರವಾದ್ದರಿಂದ ಮೇಲಿನಿಂದ ಕೆಳಕ್ಕೆ ಒಂದೊಂದೇ ಜೋಡಣೆಗೆ ಊದುತ್ತಾ ಬಂದರು. ಫಿಲಮೆಂಟಿಗೆ ವಿದ್ಯುತ್ ಒಯ್ಯುವ ಒಂದು ಫೀಡ್‌ಥ್ರೂ ಬಳಿ ಡಿಟೆಕ್ಟರ್ ಕೂಗಿತು. ಅಲ್ಲಿನ ಓ-ರಿಂಗ್ ಬಿಸಿಗೆ ಗಟ್ಟಿಯಾಗಿ ಸಣ್ಣ ಲೀಕ್ ಆಗಿತ್ತು. ಹಿರಿಯರು ಅವಳ ಗ್ರಾಫನ್ನು ಮತ್ತೆ ಹರವಿದರು. ಬಾಗಿದ ಗೆರೆ ಕೊನೆಗೆ ಅಡ್ಡವಾಗಿ ಮಲಗಿರಲಿಲ್ಲ. ಕೊನೆಯ ಭಾಗದಲ್ಲಿ ಸಣ್ಣದೊಂದು ಏರು ಹಾಗೇ ಉಳಿದಿತ್ತು. ನೀರಿನದು ದೊಡ್ಡ ಪಾಲು, ಲೀಕಿನದು ಸಣ್ಣ ಪಾಲು, ಎರಡೂ ಅದೇ ಹಾಳೆಯಲ್ಲಿದ್ದವು. ಅವಳು ಒಂದನ್ನು ಹುಡುಕುತ್ತಿದ್ದರಿಂದ ಇನ್ನೊಂದು ಕಂಡಿರಲಿಲ್ಲ.

ಆ ಸಂಜೆ ಲಾಗ್‌ಬುಕ್ಕಿನಲ್ಲಿ ಅವಳು ಬರೆದ ಸಾಲು: "ಲೀಕ್ ಇಲ್ಲ ಎಂದು ಹೇಳಿದ್ದೆ, ಇದೆ. ಗ್ರಾಫಿನ ಕೊನೆಯ ಹತ್ತು ನಿಮಿಷ ಗಮನಿಸಲಿಲ್ಲ." ಅವಳ ತರಬೇತಿ ಫಲಿಸಿದ್ದಕ್ಕೆ ನನ್ನ ಬಳಿ ಇರುವ ಪುರಾವೆ ಈ ಸಾಲು. ಒಂದು ಕಾಲದಲ್ಲಿ 4 ಇದ್ದುದನ್ನು 1 ಎಂದು ಬರೆದ ಅದೇ ಕೈ, ಅದೇ ಪುಸ್ತಕ.

ನಂತರ ಆದದ್ದು

ರಿಪೇರಿಯ ಭಾಗ ಚಿಕ್ಕದು. ಓ-ರಿಂಗ್ ಬದಲಾಯಿತು. ಚೇಂಬರಿನ ಒಳಗೋಡೆಗೆ ಮರೆಯಾಗಿ ನಿಲ್ಲಿಸುವ ತಗಡುಗಳ ಮೇಲೆ ಹಳೆಯ ಅಲ್ಯೂಮಿನಿಯಂ ಪದರ ಪದರವಾಗಿ ಕೂತು ಹಕ್ಕಳೆಯಾಗಿತ್ತು. ಅಂಥ ಸಡಿಲ ಪದರ ಮಳೆಗಾಲದ ಗಾಳಿಯಿಂದ ಬೇಕಾದಷ್ಟು ನೀರು ಕುಡಿದಿಟ್ಟುಕೊಳ್ಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತಗಡುಗಳನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಮುಳುಗಿಸಿ ಅಲ್ಯೂಮಿನಿಯಂ ಕರಗಿಸಿ, ತೊಳೆದು, ಓವನ್‌ನಲ್ಲಿ ಒಣಗಿಸಿದರು. ಈ ಕ್ರಿಯೆಯಲ್ಲಿ ಹೈಡ್ರೋಜನ್ ಹೊರಬರುತ್ತದೆ. ಬೆಂಕಿ, ಕಿಡಿ ಹತ್ತಿರವಿಲ್ಲದ ಬಯಲಿನಲ್ಲಿ, ಕನ್ನಡಕ, ಗವಸು ಹಾಕಿಕೊಂಡೇ ಮಾಡಬೇಕಾದ ಕೆಲಸ. ಚೇಂಬರ್ ತೆರೆಯುವಾಗ ಕೋಣೆಯ ಗಾಳಿಯ ಬದಲು ಒಣ ಸಾರಜನಕ ತುಂಬಿಸುವುದು, ಊಟದ ಹೊತ್ತಿಗೆ ಮತ್ತು ರಾತ್ರಿ ಚೇಂಬರನ್ನು ರೋಟರಿ ಪಂಪಿನ ವ್ಯಾಕ್ಯೂಮ್‌ನಲ್ಲೇ ಮುಚ್ಚಿಡುವುದು ರೂಢಿಯಾಯಿತು. ರೋಟರಿ ಪಂಪಿನ ಎಣ್ಣೆಯಲ್ಲಿ ಸೇರಿದ ನೀರು ಹೊರಹಾಕಲು ಗ್ಯಾಸ್ ಬ್ಯಾಲಸ್ಟ್ ಕವಾಟ ಇರುತ್ತದೆ. ಗೇಡೆ ಎಂಬ ಜರ್ಮನ್ ವಿಜ್ಞಾನಿ 1935ರಲ್ಲೇ ಕಂಡುಹಿಡಿದ ಉಪಾಯವಿದು, ಆ ಪಂಪಿನಲ್ಲೂ ಇತ್ತು, ಆದರೆ ಯಾರೂ ತೆರೆಯುತ್ತಿರಲಿಲ್ಲ. ಅದನ್ನು ಬೆಳಗಿನ ಕೆಲಸಗಳಲ್ಲಿ ಸೇರಿಸಿದರು. ಕನ್ನಡಿಗಳು ಮತ್ತೆ ಹೊಳೆದವು.

ತರಬೇತಿಯ ಕ್ರಮದಲ್ಲಿ ಆದ ಬದಲಾವಣೆ ಇದಕ್ಕಿಂತ ದೊಡ್ಡದು. ಸೂಚನಾಪತ್ರದಲ್ಲಿ "1×10⁻⁵ ತಲುಪಿದ ಮೇಲೆ" ಎಂದಿದ್ದ ವಾಕ್ಯದ ಕೆಳಗೆ, ತಲುಪದಿದ್ದರೆ ಏನು ಮಾಡಬೇಕು, ಯಾರಿಗೆ ಹೇಳಬೇಕು ಎಂಬುದು ಬಂತು. ಮುಂಚೆ ಅದು ಇರಲೇ ಇಲ್ಲ. ಅಂಕಿ ಬರದ ದಿನ ಶಿಫ್ಟ್ ನಿಲ್ಲಿಸುವ ಅಧಿಕಾರ ಯಾವ ಆಪರೇಟರಿಗೂ ಇರಲಿಲ್ಲ, ನಿಲ್ಲಿಸಿದರೆ ಬೈಗುಳ ಖಂಡಿತ. ಅಂಥ ಜಾಗದಲ್ಲಿ ಪ್ರಾಮಾಣಿಕತೆಯ ಬಗ್ಗೆ ಎಷ್ಟು ಉಪದೇಶ ಮಾಡಿದರೂ ಪುಸ್ತಕದಲ್ಲಿ 1 ಎಂದೇ ಬರುತ್ತಿತ್ತು. ಈಗ ಅಪ್ರೆಂಟಿಸ್ ಕೂಡ ಯಂತ್ರ ನಿಲ್ಲಿಸಬಹುದು. ಮೂರು ತಿಂಗಳ ಲಿಖಿತ ಪರೀಕ್ಷೆಯ ಜೊತೆಗೆ ಕೆಟ್ಟ ಯಂತ್ರದ ಗ್ರಾಫ್ ಕೊಟ್ಟು, ಮುಂದೆ ಯಾವ ಒಂದು ಅಳತೆ ತೆಗೆದುಕೊಳ್ಳುತ್ತೀಯ, ಅದರಿಂದ ಏನು ಗೊತ್ತಾಗುತ್ತದೆ ಎಂದು ಕೇಳುತ್ತೇವೆ. ಲಿಖಿತ ಪರೀಕ್ಷೆಯಲ್ಲಿ ಮೊದಲಿಗರಾದವರು ಇದರಲ್ಲಿ ತಡವರಿಸುವುದನ್ನೂ, ಸಾಧಾರಣ ಅಂಕದವರು ಥಟ್ಟನೆ ಹಿಡಿಯುವುದನ್ನೂ ಆಮೇಲಿನ ತಂಡಗಳಲ್ಲಿ ಕಂಡಿದ್ದೇನೆ.

ಎಲ್ಲರಿಗೂ ಇದು ಒಗ್ಗಲಿಲ್ಲ. ನಾಲ್ಕು ವರ್ಷದ ಅನುಭವದ ಆಪರೇಟರ್ ಗ್ರಾಫ್ ಬರೆಯುವುದನ್ನು ತನ್ನ ಮೇಲಿನ ಅಪನಂಬಿಕೆ ಎಂದೇ ಭಾವಿಸಿ ಕೆಲಸ ಬಿಟ್ಟುಹೋದ. ಕೈಕೆಲಸದಲ್ಲಿ ಅವನಷ್ಟು ನುರಿತವರು ಅಲ್ಲಿ ಹೆಚ್ಚು ಮಂದಿ ಇರಲಿಲ್ಲ, ಅವನನ್ನು ಕಳೆದುಕೊಂಡದ್ದು ನಿಜವಾದ ನಷ್ಟ.

ಆ ಹುಡುಗಿ ವರ್ಷ ಮುಗಿದ ಮೇಲೆ ಅಲ್ಲೇ ಕೆಲಸಕ್ಕೆ ಸೇರಿ, ಕೆಲ ಕಾಲದ ನಂತರ ಒಂದು ಸರ್ಕಾರಿ ಸಂಶೋಧನಾಲಯದ ತಾಂತ್ರಿಕ ಹುದ್ದೆಗೆ ಆಯ್ಕೆಯಾದಳು. ಸಂದರ್ಶನಕ್ಕೆ ಆ ಗ್ರಾಫ್ ಹಾಳೆಗಳ ಝೆರಾಕ್ಸ್ ಒಯ್ದಿದ್ದಳು. ಅವಳ ತಂದೆ ಈಗಲೂ ನೆಂಟರಿಗೆ "ಲ್ಯಾಬಿನ್ಯಾಗ ಆಫೀಸರ್ ಅದಾಳ" ಎಂದೇ ಹೇಳುತ್ತಾರಂತೆ. ತಂತ್ರಜ್ಞೆ ಎಂಬ ಮಾತು ಊರಿನಲ್ಲಿ ಇನ್ನೂ ಗೌರವದ ಮಾತಾಗಿಲ್ಲ.

ಈಚೆಗೆ ಘಟಕಕ್ಕೆ ಡೇಟಾ ಲಾಗರ್ ಬಂದಿದೆ. ಪ್ರತಿ ಸೆಕೆಂಡಿಗೂ ಒತ್ತಡ ತಾನಾಗಿ ದಾಖಲಾಗುತ್ತದೆ, ಗ್ರಾಫ್ ಹಾಳೆ ತೆಗೆದುಬಿಡೋಣ ಎಂಬ ಮಾತು ಬಂತು. ನಾನು ಒಪ್ಪಲಿಲ್ಲ. ಹೊಸಬರು ಮೊದಲ ಮೂರು ತಿಂಗಳು ಕೈಯಲ್ಲೇ ಚುಕ್ಕಿ ಇಡುತ್ತಾರೆ. ವಾರದ ಕೊನೆಗೆ ತಮ್ಮ ಹಾಳೆಯನ್ನು ಲಾಗರ್ ಬರೆದ ಗೆರೆಯ ಪಕ್ಕದಲ್ಲಿಟ್ಟು, ಎಲ್ಲಿ ವ್ಯತ್ಯಾಸವಿದೆ, ಯಾಕೆ ಎಂದು ಹಿರಿಯರಿಗೆ ಹೇಳಬೇಕು. ಆ ಹಿರಿಯರು ಮುಂದಿನ ವರ್ಷ ನಿವೃತ್ತರಾಗುತ್ತಾರೆ. ವಾರಕ್ಕೊಂದು ದಿನ ಬಂದು ಹಾಳೆಗಳನ್ನು ನೋಡುತ್ತೇನೆ ಎಂದು ಒಪ್ಪಿಕೊಂಡಿದ್ದಾರೆ.